‘ನೀರನ್ನು ಗಟ್ಟಿ ಮಾಡಿ ಕೊಡಿ’: ಗಟ್ಟಿಗೆ ಬದಲು ಯಾವ ಪದ?

ಬಳಗದವರಿಗೆ ನಮಸ್ಕಾರ. ನಾನು ಆಸ್ಪತ್ರೆಯಲ್ಲಿ ಡಯಟಿಷಿಯನ್. ರೋಗಿಯ ಮನೆಯವರ ಕೈಗೆ ಕೊಡುವ ಚೀಟಿಗಳನ್ನು ಕನ್ನಡದಲ್ಲಿ ಬರೆಯುವ ಕೆಲಸ ಈಗ ನನ್ನ ಪಾಲಿಗೆ ಬಂದಿದೆ. ಎಲ್ಲ ಸಾಗಿತು, ಒಂದು ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ಲಕ್ವ ಹೊಡೆದ ಮೇಲೆ ಹಲವರಿಗೆ ನುಂಗುವುದು ಕಷ್ಟವಾಗುತ್ತದೆ. ಅಂಥವರಲ್ಲಿ ಎಷ್ಟೋ ಜನಕ್ಕೆ ಮೆತ್ತನೆಯ ತುತ್ತಿಗಿಂತ ಬರೀ ನೀರೇ ಹೆಚ್ಚು ಅಪಾಯ. ಅದು ಸರ್ರನೆ ಜಾರಿ, ಗಂಟಲು ಸಿದ್ಧವಾಗುವ ಮೊದಲೇ ಶ್ವಾಸನಾಳದ ಕಡೆ ಹೋಗಿಬಿಡುತ್ತದೆ. ಹಾಗಾಗಿ ಕುಡಿಯುವುದಕ್ಕೆಲ್ಲ ಒಂದು ಪುಡಿ ಬೆರೆಸಿ ಹರಿವನ್ನು ನಿಧಾನ ಮಾಡುತ್ತೇವೆ. ನುಂಗುವುದನ್ನು ಪರೀಕ್ಷಿಸಿ ಯಾವ ಹದ ಬೇಕೆಂದು ಹೇಳುವವರು ಸ್ಪೀಚ್ ಥೆರಪಿಸ್ಟ್. ಆ ಹದದಲ್ಲೇ ದಿನಕ್ಕೆ ಬೇಕಾದ ನೀರು, ಕ್ಯಾಲರಿ, ಪ್ರೋಟೀನ್ ಒಳಗೆ ಹೋಗುವಂತೆ ನೋಡಿಕೊಳ್ಳುವುದು ನನ್ನ ಪಾಡು.

ಮೊದಲು ನಾನು ಬರೆದ ಸಾಲು: ‘ನೀರನ್ನು ಗಟ್ಟಿ ಮಾಡಿ ಕೊಡಿ.’ ಚೀಟಿ ಓದಿದ ಒಬ್ಬ ರೋಗಿಯ ಮಗ ಕೇಳಿದರು: “ಅಂದ್ರೆ ಐಸ್ ಮಾಡಿ ಕೊಡ್ಬೇಕಾ ಮೇಡಂ?” ನಗು ಬಂತು, ಆಮೇಲೆ ಭಯವೂ ಆಯಿತು. ಅವರದೇನೂ ತಪ್ಪಿಲ್ಲ, ಗಟ್ಟಿಯಾದ ನೀರು ಎಂದರೆ ಮಂಜುಗಡ್ಡೆಯೇ ತಾನೆ? ಆದರೆ ಮಂಜುಗಡ್ಡೆ ಬಾಯಿಯ ಬಿಸಿಗೆ ಕರಗಿ ತೆಳ್ಳನೆಯ ನೀರೇ ಆಗುತ್ತದೆ. ನಾವು ಯಾವುದನ್ನು ಬೇಡ ಎನ್ನುತ್ತೇವೋ ಅದೇ. ಅವರು ಕೇಳಿದ್ದರಿಂದ ಬಚಾವಾದೆ.

ಗಟ್ಟಿ ಎಂಬುದು ಎಲ್ಲ ಕಡೆಯೂ ನುಗ್ಗುವ ಪದ. ಕಲ್ಲೂ ಗಟ್ಟಿ, ದನಿಯೂ ಗಟ್ಟಿ, ಆಳೂ ಗಟ್ಟಿ, ಹಾಲೂ ಗಟ್ಟಿ. ‘ಗಟ್ಟಿ ಹಾಲು’ ಎಂದಾಗ ಯಾರೂ ಹೆಪ್ಪುಗಟ್ಟಿದ ಹಾಲನ್ನು ತರುವುದಿಲ್ಲ, ಏಕೆಂದರೆ ಹಾಲು ನೀರಾಗಿಯೂ ಇರಬಹುದು, ಗಟ್ಟಿಯಾಗಿಯೂ ಇರಬಹುದು ಎಂಬುದು ಎಲ್ಲರಿಗೂ ಗೊತ್ತು. ನೀರಿಗೆ ಆ ಸವಲತ್ತಿಲ್ಲ. ‘ನೀರಾಗಿದೆ’ ಎಂದರೇ ತೆಳ್ಳಗಾಗಿದೆ ಎಂದರ್ಥ. ತೆಳುವಿಗೆ ಅಳತೆಗೋಲಾದ ನೀರನ್ನೇ ನೀರಲ್ಲದ ಹಾಗೆ ಮಾಡಿ ಎಂದಾಗ ಮಾತು ತಡವರಿಸದೆ ಇನ್ನೇನು!

ಬೇರೆ ಪದಗಳನ್ನೂ ಹೊರಳಿಸಿ ನೋಡಿದೆ. ‘ದಪ್ಪ’ ಪುಸ್ತಕಕ್ಕೆ, ಹಗ್ಗಕ್ಕೆ ಸರಿ, ನೀರಿಗೆ ಕೂರುವುದಿಲ್ಲ. ‘ಸಾಂದ್ರ’ವನ್ನು ಕೆಲವು ಅನುವಾದಗಳಲ್ಲಿ ಕಂಡಿದ್ದೇನೆ, ಅದು ತಪ್ಪೇ ಎನ್ನುವುದು ನನ್ನ ವಾದ. ಎಣ್ಣೆ ನೀರಿನ ಮೇಲೆ ತೇಲುತ್ತದೆ, ಅಂದರೆ ಅದರ ಸಾಂದ್ರತೆ ನೀರಿಗಿಂತ ಕಡಿಮೆ. ಆದರೂ ಅದು ನೀರಿಗಿಂತ ನಿಧಾನವಾಗಿ ಹರಿಯುತ್ತದೆ. ನಮಗೆ ಬೇಕಾದದ್ದು ಹರಿವಿನ ಲೆಕ್ಕ, ತೂಕದ್ದಲ್ಲ. ವಿಜ್ಞಾನದ ಪುಸ್ತಕದಲ್ಲಿ ಇದಕ್ಕೆ ‘ಸ್ನಿಗ್ಧತೆ’ ಎಂಬ ಪದವಿದೆ. ಆದರೆ ‘ಸ್ನಿಗ್ಧ ನೀರು ಕೊಡಿ’ ಎಂದು ಬರೆದರೆ ವಾರ್ಡಿನಲ್ಲಿ ಭಾವಗೀತೆ ಹಂಚಿದ ಹಾಗಾಗುತ್ತದೆ.

ಉಳಿದದ್ದು ‘ಮಂದ’. ಮಂದವಾದ ಬಟ್ಟೆ, ಮಂದವಾದ ಕೆನೆ ಎನ್ನುತ್ತೇವೆ. ಸಂಸ್ಕೃತದ ಮಂದಕ್ಕಿರುವ ‘ನಿಧಾನ’ ಎಂಬ ಅರ್ಥವೂ ಇಲ್ಲಿ ಕೆಲಸಕ್ಕೆ ಬರುತ್ತದೆ: ನಿಧಾನವಾಗಿ ಹರಿಯುವ ನೀರು. ಇದೇ ಸರಿ ಎಂದುಕೊಳ್ಳುವಷ್ಟರಲ್ಲಿ ನರ್ಸ್ ಒಬ್ಬರು ತಡೆದರು. ‘ಹೊಟ್ಟೆ ಮಂದ ಆಗಿದೆ’ ಎಂಬ ಮಾತು ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವ ಜಾಗದಲ್ಲಿ ‘ಮಂದ ನೀರು’ ಎಂದರೆ, ಕುಡಿದವರಿಗೆ ಹೊಟ್ಟೆ ಕಟ್ಟುತ್ತದೇನೋ ಎಂದು ಜನ ಹೆದರುವುದಿಲ್ಲವೇ ಎಂದು. ತೆಗೆದುಹಾಕುವ ಮಾತಲ್ಲ.

ಒಂದೇ ಪದ ಸಿಕ್ಕರೂ ಸಾಲದು ಎಂಬುದು ಇನ್ನೊಂದು ತೊಡಕು. ನುಂಗಲು ಕಷ್ಟವಿರುವವರ ಊಟ-ಪಾನೀಯಗಳ ಹದವನ್ನು ವಿಂಗಡಿಸುವ ಐಡಿಡಿಎಸ್‌ಐ ಎಂಬ ಅಂತರರಾಷ್ಟ್ರೀಯ ಪದ್ಧತಿಯಲ್ಲಿ 0ರಿಂದ 7ರವರೆಗೆ ಎಂಟು ಹಂತಗಳಿವೆ. ಕುಡಿಯುವುದು 0ರಿಂದ 4, ತಿನ್ನುವುದು 3ರಿಂದ 7. ಕುಡಿಯುವುದರ ಹದವನ್ನು ಅಳೆಯುವುದು 10 ಮಿಲಿ ಸಿರಿಂಜಿನಲ್ಲಿ. ಒತ್ತುಕಡ್ಡಿ ತೆಗೆದು, ಕೆಳಗಿನ ತೂತಿಗೆ ಬೆರಳು ಹಿಡಿದು, 10 ಮಿಲಿ ತುಂಬಿಸಿ, ಬೆರಳು ಬಿಟ್ಟು 10 ಸೆಕೆಂಡ್ ಎಣಿಸಿ ಮತ್ತೆ ಮುಚ್ಚಬೇಕು. ಒಳಗೆ 1 ಮಿಲಿಗಿಂತ ಕಡಿಮೆ ಉಳಿದರೆ ಹಂತ 0, 1ರಿಂದ 4 ಉಳಿದರೆ ಹಂತ 1, 4ರಿಂದ 8 ಉಳಿದರೆ ಹಂತ 2, ಅದಕ್ಕೂ ಹೆಚ್ಚು ಉಳಿದರೆ ಹಂತ 3. ಏನೂ ಇಳಿಯದಿದ್ದರೆ 4. ಸಿರಿಂಜೂ ಯಾವುದಾದರೂ ಆದೀತು ಎನ್ನುವ ಹಾಗಿಲ್ಲ: ಸೊನ್ನೆಯಿಂದ ಹತ್ತರವರೆಗಿನ ಗೆರೆಗಳ ಉದ್ದ 61.5 ಮಿಲಿಮೀಟರ್ ಇರಬೇಕು.

ನನ್ನ ಕಷ್ಟವಿರುವುದು 1, 2, 3ರಲ್ಲಿ. ‘ಚೂರು ಮಂದ, ಮಂದ, ಬಲು ಮಂದ’ ಎಂದು ಬರೆದು ನೋಡಿದೆ. ಒಬ್ಬರ ಚೂರು ಇನ್ನೊಬ್ಬರ ಬಲು. ಹಿಂದೆ ಅಮೆರಿಕದಲ್ಲಿ ‘ಜೇನಿನ ಹದ’ ಎಂಬ ಹೆಸರೂ ಬಳಕೆಯಲ್ಲಿತ್ತು. ಚಳಿಯಲ್ಲಿ ಜೇನು ಒಂದು ಥರ, ಸೆಕೆಯಲ್ಲಿ ಇನ್ನೊಂದು ಥರ, ಅದನ್ನು ನೆಚ್ಚಿಕೊಳ್ಳುವುದು ಹೇಗೆ?

ತಿನ್ನುವ ಕಡೆ ಮಾತ್ರ ಕನ್ನಡಕ್ಕೆ ಬಡತನವೇ ಇಲ್ಲ. ನುಣ್ಣಗೆ ರುಬ್ಬಿದ್ದು, ತರಿತರಿಯಾದದ್ದು, ಕಿವುಚಿದ್ದು, ಹಿಚುಕಿದ್ದು ಎಂದರೆ ಸಾಕು, ಕೈಗೇ ಅರ್ಥವಾಗುತ್ತದೆ. ಹಂತ 5ಕ್ಕೆ ದೊಡ್ಡವರಿಗಾದರೆ ಚೂರುಗಳ ಅಗಲ 4 ಮಿಲಿಮೀಟರ್ ಮೀರಬಾರದು. ಅದು ಫೋರ್ಕಿನ ಎರಡು ಹಲ್ಲುಗಳ ನಡುವಿನ ಸಂದು. ‘ಫೋರ್ಕಿನ ಸಂದಿನಲ್ಲಿ ನುಸುಳುವಷ್ಟು ಸಣ್ಣ ಚೂರು’ ಎಂದು ಬರೆದೆ, ಯಾರೂ ಮರುಪ್ರಶ್ನೆ ಕೇಳಲಿಲ್ಲ.

ಇನ್ನೊಂದು ಜೋಡಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ: ತಿಳಿ ಮತ್ತು ತೆಳು. ಸಾಮಾನ್ಯವಾಗಿ ಆಪರೇಷನ್‌ಗೆ 2 ಗಂಟೆ ಮೊದಲಿನವರೆಗೂ ‘ಕ್ಲಿಯರ್ ಲಿಕ್ವಿಡ್’ ಕುಡಿಯಬಹುದು, ಹಾಲನ್ನು ಮಾತ್ರ 6 ಗಂಟೆ ಮೊದಲೇ ನಿಲ್ಲಿಸಬೇಕು. ಚೀಟಿಯಲ್ಲಿ ‘ತೆಳು ದ್ರವ’ ಎಂದಿದ್ದರೆ ಹಾಲಿಗೆ ನೀರು ಬೆರೆಸಿ ಕೊಟ್ಟವರನ್ನು ದೂರುವಂತಿಲ್ಲ, ಅದು ತೆಳುವೇ. ಬೇಕಿದ್ದದ್ದು ತಿಳಿ: ಲೋಟದ ಆಚೆಗಿರುವುದು ಕಾಣಬೇಕು. ತೆಳು ಹಾಲು ಇರಬಹುದು, ತಿಳಿ ಹಾಲು ಇರಲಾರದು. ಈ ಎರಡು ಪದಗಳನ್ನು ಯಾರಾದರೂ ಅದಲುಬದಲು ಮಾಡಿದರೆ ನನಗೀಗ ಜಗಳವಾಡುವಷ್ಟು ಸಿಟ್ಟು ಬರುತ್ತದೆ.

ರೋಗಿಗಳ ಮಾತೇ ಎಷ್ಟೋ ಸಲ ನಮ್ಮದಕ್ಕಿಂತ ಚೊಕ್ಕ. ‘ನುಂಗಲು ತೊಂದರೆ ಇದೆಯಾ’ ಎಂದರೆ ‘ಇಲ್ಲ’ ಎನ್ನುವವರು, ‘ನೀರು ನೆತ್ತಿಗೆ ಹತ್ತುತ್ತಾ’ ಎಂದ ಕೂಡಲೇ ‘ಅಯ್ಯೋ, ದಿನಾ’ ಎನ್ನುತ್ತಾರೆ. (ಕೆಮ್ಮೇ ಬರದೆ ನೀರು ಒಳದಾರಿ ತಪ್ಪುವುದೂ ಉಂಟು, ಆದ್ದರಿಂದ ‘ಹತ್ತಲ್ಲ’ ಎಂಬ ಉತ್ತರವನ್ನು ಪೂರ್ತಿ ನಂಬುವುದಿಲ್ಲ.) ಪಿಷ್ಟದ ಪುಡಿ ಬೆರೆಸಿದ ಲೋಟಕ್ಕೆ ಬಾಯಿಗಿಟ್ಟ ಚಮಚವನ್ನೇ ಮತ್ತೆ ಅದ್ದಿದರೆ ಎಂಜಲಿನಿಂದ ಅದು ತೆಳ್ಳಗಾಗಿಬಿಡುತ್ತದೆ. ಇದನ್ನು ಹೇಗೆ ಬರೆಯಲಿ ಎಂದು ಯೋಚಿಸುತ್ತಿದ್ದಾಗ ಆಯಾ ಒಬ್ಬರು ಲೋಟ ಓರೆ ಮಾಡಿ ತೋರಿಸಿ, “ನೋಡಿ, ನೀರು ಬಿಟ್ಕೊಂಡಿದೆ” ಎಂದರು. ಅದನ್ನೇ ಹಾಕಿದೆ: ‘ನೀರು ಬಿಟ್ಟುಕೊಂಡಿದ್ದರೆ ಕೊಡಬೇಡಿ.’

ಈಗ ನಿಮ್ಮನ್ನು ಕೇಳುವುದು ಇಷ್ಟು. ನಿಮ್ಮ ಕಡೆಯ ಮಾತಿನಲ್ಲಿ ಕುಡಿಯುವ ವಸ್ತುವಿಗೆ ‘ಮಂದ’ ಎನ್ನುವುದುಂಟೇ? ಗಟ್ಟಿಗೂ ಮಂದಕ್ಕೂ ನೀವು ವ್ಯತ್ಯಾಸ ಮಾಡುತ್ತೀರಾ? ತೆಳುವಿನಿಂದ ಗಟ್ಟಿಯವರೆಗಿನ ದಾರಿಯಲ್ಲಿ ಬೇರೆ ಬೇರೆ ಮೆಟ್ಟಿಲಿಗೆ ಬೇರೆ ಬೇರೆ ಹೆಸರು ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಕೇಳಿದ್ದೀರಾ? ಹೊಸದಾಗಿ ಕಟ್ಟಿದ ಪದ ಬೇಡ. ರಾತ್ರಿ ಎರಡು ಗಂಟೆಗೆ ರೋಗಿಯ ಪಕ್ಕ ಕೂತವರಿಗೆ ಇನ್ನೊಬ್ಬರನ್ನು ಕೇಳದೆ ಹೊಳೆಯುವಂಥದ್ದು ಬೇಕು.

ಅಲ್ಲಿಯವರೆಗೆ ಚೀಟಿಯಲ್ಲಿ ‘ಪುಡಿ ಬೆರೆಸಿ ಮಂದ ಮಾಡಿದ ನೀರು, ಹಂತ 2’ ಎಂದು ಬರೆದು, ಕೆಳಗೆ ದೊಡ್ಡಕ್ಷರದಲ್ಲಿ ‘ಐಸ್ ಅಲ್ಲ’ ಎಂದು ಸೇರಿಸುತ್ತಿದ್ದೇನೆ.