ಅಕ್ಕನ ಮಗನನ್ನು ಜರ್ಮನಿಗೆ ಕರೆಸಿಕೊಳ್ಳಬೇಕು, ಯಾವ ವೀಸಾ?

ಪ್ರಶ್ನೆ

ನಮಸ್ಕಾರ ಮೇಡಂ. ನಾನು ಸ್ಟುಟ್‌ಗಾರ್ಟ್‌ನಲ್ಲಿ ಏಳು ವರ್ಷದಿಂದ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಹೆಂಡತಿ, ಇಬ್ಬರು ಚಿಕ್ಕ ಮಕ್ಕಳು ಜೊತೆಗಿದ್ದಾರೆ. ನಮ್ಮೂರು ಅರಸೀಕೆರೆ ಹತ್ತಿರ. ಹೋದ ವರ್ಷ ನಮ್ಮ ಭಾವ ತೀರಿಕೊಂಡರು. ಅಕ್ಕನಿಗೆ ಒಬ್ಬನೇ ಮಗ, 18 ವರ್ಷ. ಈ ಸಲ ಪಿಯುಸಿ ಸೈನ್ಸ್ ಮುಗಿಸಿದ, 71 ಪರ್ಸೆಂಟ್ ಬಂದಿದೆ. ಸೋದರಮಾವ ಅಂತ ಇರುವವನು ನಾನೊಬ್ಬನೇ. ಅವನನ್ನು ಇಲ್ಲಿಗೆ ಕರೆಸಿಕೊಂಡು ಒಂದು ದಾರಿಗೆ ಹಚ್ಚಬೇಕು ಅಂತ ಆಸೆ.

ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಡಿಪೆಂಡೆಂಟ್ ಅಂತ ಹಾಕಿ ಎನ್ನುತ್ತಾರೆ. ದತ್ತು ತಗೊಂಡರೆ ಸುಲಭ ಎನ್ನುತ್ತಾರೆ. ಟೂರಿಸ್ಟ್ ವೀಸಾದಲ್ಲಿ ಬರಲಿ, ಇಲ್ಲಿ ಬಂದ ಮೇಲೆ ಬದಲಾಯಿಸಬಹುದು ಅಂತ ಆಫೀಸಿನ ಸ್ನೇಹಿತರ ಮಾತು. ನನ್ನ ಹೆಂಡತಿ, ಔ ಪೇರ್ (ಒಂದು ಮನೆಯಲ್ಲಿದ್ದು ಮಕ್ಕಳನ್ನು ನೋಡಿಕೊಳ್ಳುವ ವಿದೇಶಿ ಯುವಕ) ಆಗಿ ನಮ್ಮ ಮನೆಗೇ ಬರಲಿ, ಮಕ್ಕಳನ್ನೂ ನೋಡಿಕೊಂಡ ಹಾಗಾಗುತ್ತೆ ಅಂದಳು. ಇದರಲ್ಲಿ ಯಾವುದು ಆಗುತ್ತೆ ಮೇಡಂ?

ಉತ್ತರ

ನಮಸ್ಕಾರ ಸರ್. ನಿಮ್ಮ ಭಾವನ ವಿಷಯ ಓದಿ ಬೇಜಾರಾಯಿತು. ಇಲ್ಲಿನ ವಲಸೆ ಸಲಹಾ ಕೇಂದ್ರದಲ್ಲಿ ಕೆಲಸ ಮಾಡುವವಳಾಗಿ ಇದೇ ಪ್ರಶ್ನೆಯನ್ನು ತುಂಬಾ ಸಲ ಕೇಳಿದ್ದೇನೆ. ಕೇಳುವವರು ಹೆಚ್ಚಾಗಿ ಮಾವಂದಿರು, ಚಿಕ್ಕಮ್ಮಂದಿರು. ನೀವು ಹೇಳಿದ ನಾಲ್ಕೂ ದಾರಿ ಆಗುವುದಿಲ್ಲ. ಯಾಕೆ ಅಂತ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಾಳೆ ಇನ್ನೊಬ್ಬರು ಅದನ್ನೇ ಹೇಳುತ್ತಾರೆ.

ಜರ್ಮನಿಯ ವಾಸದ ಕಾನೂನಿನಲ್ಲಿ ಕುಟುಂಬ ಎಂದರೆ ಮುಖ್ಯವಾಗಿ ಗಂಡ, ಹೆಂಡತಿ, ಚಿಕ್ಕ ಮಕ್ಕಳು. ಅಕ್ಕನ ಮಗ ಅದರಲ್ಲಿ ಬರುವುದಿಲ್ಲ. ಬೇರೆ ಬಂಧುಗಳಿಗೆ ಸೆಕ್ಷನ್ 36ರಲ್ಲಿ ಒಂದು ಕಿಂಡಿ ಇದೆ, ಆದರೆ ಅದು ಅಸಾಧಾರಣ ಕಷ್ಟ ಇದ್ದವರಿಗೆ ಮಾತ್ರ. ಕಾಯಿಲೆಯಿಂದ ಒಬ್ಬರೇ ಬದುಕಲು ಆಗದವರು, ಇಲ್ಲಿನ ಬಂಧುವೇ ನೋಡಿಕೊಳ್ಳಬೇಕು ಎನ್ನುವಂಥವರು. ಆರೋಗ್ಯವಾಗಿರುವ, ತಾಯಿ ಇರುವ 18ರ ಹುಡುಗನಿಗೆ ಅದು ಸಿಗುವುದಿಲ್ಲ.

ದತ್ತು ಬೇಡವೇ ಬೇಡ. ನಮ್ಮ 1956ರ ಹಿಂದೂ ದತ್ತು ಕಾಯ್ದೆಯಲ್ಲಿ ದತ್ತು ಹೋಗುವ ಮಗುವಿಗೆ 15 ವರ್ಷ ತುಂಬಿರಬಾರದು. ತಲೆತಲಾಂತರದ ಪದ್ಧತಿ ಇದ್ದರೆ ಮಾತ್ರ ವಿನಾಯಿತಿ. ಇಲ್ಲಿ ದೊಡ್ಡವರನ್ನು ದತ್ತು ತಗೊಳ್ಳಲು ಕಾನೂನು ಇದೆ ನಿಜ, ಅದರಿಂದ ವಾಸದ ಹಕ್ಕು ಬರುವುದಿಲ್ಲ. ಮತ್ತೆ ಒಂದು ಮಾತು ಸರ್, ಗಂಡನನ್ನು ಕಳೆದುಕೊಂಡು ಒಂದು ವರ್ಷವಾಗಿರುವ ನಿಮ್ಮ ಅಕ್ಕನ ಮುಂದೆ ಈ ಮಾತು ಎತ್ತಲೇಬೇಡಿ.

ಟೂರಿಸ್ಟ್ ವೀಸಾ 90 ದಿನದ್ದು. ಬಂದು ಇಲ್ಲಿ ಬದಲಾಯಿಸಿಕೊಳ್ಳುತ್ತೇನೆ ಎಂದರೆ ವಾಸದ ಪರವಾನಗಿ ಕೊಡುವ ವಿದೇಶಿಯರ ಕಚೇರಿಯಲ್ಲಿ ಒಪ್ಪುವುದಿಲ್ಲ. ಊರಿಗೆ ಹೋಗಿ ಹೊಸದಾಗಿ ಅರ್ಜಿ ಹಾಕಿ ಎನ್ನುತ್ತಾರೆ. ಒಬ್ಬ ಹುಡುಗ ಹೀಗೇ ಬಂದ. ಕೈಯಲ್ಲಿ ಒಳ್ಳೆಯ ಕಂಪನಿಯ ಪತ್ರವೂ ಇತ್ತು. ಆದರೂ ವಾಪಸ್ ಹೋಗಬೇಕಾಯಿತು, ಆ ವರ್ಷದ ಸೀಟು ತಪ್ಪಿತು. ಅವತ್ತು ಅವನ ಮುಖ ನೋಡಲಾಗಲಿಲ್ಲ.

ಔ ಪೇರ್ ವೀಸಾ ನಿಜಕ್ಕೂ ಇದೆ. 18ರಿಂದ 26 ವರ್ಷದವರಿಗೆ, ಎ1 ಜರ್ಮನ್ (ಭಾಷೆಯ ಮೊದಲ ಮಟ್ಟ) ಬಂದರೆ ಸಾಕು, ತಿಂಗಳಿಗೆ 280 ಯೂರೋ ಕೈಖರ್ಚು. ಆದರೆ ಕರೆಸುವ ಮನೆಯವರು ಬಂಧುಗಳಾಗಿರಬಾರದು. ಆ ಮನೆಯಲ್ಲಿ ಜರ್ಮನ್ ಮಾತಾಡುತ್ತಿರಬೇಕು, ಅವರು ಹುಡುಗನ ದೇಶದವರೇ ಆಗಿರಲೂಬಾರದು. ಸ್ವಂತ ಸೋದರಮಾವನ ಕನ್ನಡ ಮಾತಾಡುವ ಮನೆಗೆ ಅದು ಸಿಗುವುದಿಲ್ಲ.

ಒಂದು ವಿಷಯ ಮನಸ್ಸಿನಲ್ಲಿಟ್ಟುಕೊಳ್ಳಿ. ನಿಮ್ಮ ಸಂಬಂಧಕ್ಕೆ ಇಲ್ಲಿ ವೀಸಾ ಸಿಗುವುದಿಲ್ಲ. ಅವನ ಭಾಷೆಗೆ, ಅವನ ಓದಿಗೆ ಸಿಗುತ್ತದೆ. ಹಾಗಾಗಿ ಉಳಿಯುವುದು ಎರಡು ದಾರಿ.

ಒಂದು, ಓದು. ಪಿಯುಸಿ ಮುಗಿಸಿದ ತಕ್ಷಣ ಇಲ್ಲಿನ ಯೂನಿವರ್ಸಿಟಿಗೆ ನೇರ ಸೀಟು ಸಾಮಾನ್ಯವಾಗಿ ಸಿಗುವುದಿಲ್ಲ. ಊರಲ್ಲಿ ಡಿಗ್ರಿಯ ಮೊದಲ ವರ್ಷ ಪಾಸಾಗಿರಬೇಕು, ಅಥವಾ ಇಲ್ಲಿ ಸ್ಟುಡಿಯನ್‌ಕೋಲೆಗ್ ಎಂಬ ಒಂದು ವರ್ಷದ ತಯಾರಿ ಓದು ಮುಗಿಸಬೇಕು. ಭಾರತದ ವಿದ್ಯಾರ್ಥಿಗಳಿಗೆ 2022ರ ನವೆಂಬರ್‌ನಿಂದ ಎಪಿಎಸ್ ಸರ್ಟಿಫಿಕೇಟ್ (ಅಂಕಪಟ್ಟಿ ಅಸಲಿ ಎಂದು ಪರಿಶೀಲಿಸಿ ಕೊಡುವ ಪತ್ರ) ಕಡ್ಡಾಯ, ಅದಕ್ಕೆ 18,000 ರೂಪಾಯಿ. ಬ್ಲಾಕ್ಡ್ ಅಕೌಂಟ್‌ನಲ್ಲಿ (ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಬ್ಯಾಂಕ್ ಖಾತೆ) ವರ್ಷಕ್ಕೆ 11,904 ಯೂರೋ ತೋರಿಸಬೇಕು, ತಿಂಗಳಿಗೆ 992ರಂತೆ. ಜರ್ಮನಿಯಲ್ಲಿ ಓದು ಫ್ರೀ ಎನ್ನುತ್ತಾರಲ್ಲ, ನಿಮ್ಮ ರಾಜ್ಯದಲ್ಲಿ ಹಾಗಿಲ್ಲ. ಬಾಡೆನ್-ವುರ್ಟೆಂಬರ್ಗ್‌ನಲ್ಲಿ ಯುರೋಪ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳು 2017ರಿಂದ ಸೆಮಿಸ್ಟರ್‌ಗೆ 1,500 ಯೂರೋ ಕಟ್ಟಬೇಕು. ನಿಮ್ಮ ಮನೆಯಲ್ಲೇ ಇದ್ದು ಓದಲಿ ಎಂದುಕೊಂಡಿದ್ದರೆ ಇದನ್ನೂ ಸೇರಿಸಿ ಲೆಕ್ಕ ಹಾಕಿ.

ಎರಡು, ಔಸ್‌ಬಿಲ್ಡುಂಗ್. ಕಂಪನಿಯಲ್ಲಿ ಕೆಲಸ ಕಲಿಯುತ್ತಾ, ವಾರದಲ್ಲಿ ಒಂದೆರಡು ದಿನ ವೃತ್ತಿಶಾಲೆಗೆ ಹೋಗುವುದು. ಎರಡರಿಂದ ಮೂರೂವರೆ ವರ್ಷ. ಫೀಸು ಇಲ್ಲ, ಮೊದಲ ತಿಂಗಳಿಂದ ಸಂಬಳ. 2025ರಲ್ಲಿ ಶುರುಮಾಡಿದವರಿಗೆ ಮೊದಲ ವರ್ಷ ತಿಂಗಳಿಗೆ ಕನಿಷ್ಠ 682 ಯೂರೋ ಕೊಡಬೇಕು ಅಂತ ಕಾನೂನಿತ್ತು. ನಿಮ್ಮ ಕಡೆಯ ದೊಡ್ಡ ಮೆಟಲ್, ಎಲೆಕ್ಟ್ರಿಕಲ್ ಕಂಪನಿಗಳಲ್ಲಿ ಸಾವಿರ ದಾಟುತ್ತದೆ. ವೀಸಾಕ್ಕೆ ಸಾಮಾನ್ಯವಾಗಿ ಬಿ1 ಜರ್ಮನ್ ಬೇಕು, ಅಂದರೆ ಎ1, ಎ2 ಆದ ಮೇಲಿನ ಮೂರನೇ ಮಟ್ಟ. ನಮ್ಮವರು ಈ ದಾರಿಯನ್ನು "ಐಟಿಐ ಥರ" ಅಂತ ಕಡೆಗಣಿಸುತ್ತಾರೆ. ನನಗೆ ಅದು ನೋವು ತರುವ ವಿಷಯ. ಇಲ್ಲಿ ಈ ಸರ್ಟಿಫಿಕೇಟ್ ಇರುವ ಎಲೆಕ್ಟ್ರಿಷಿಯನ್‌ಗೆ ಬಹಳ ಮರ್ಯಾದೆ ಇದೆ, ಕೆಲಸಕ್ಕೆ ಕೊರತೆ ಇಲ್ಲ.

ನೀವು ಇಷ್ಟು ಬರೆದಿದ್ದೀರಿ, ಆದರೆ ಹುಡುಗನಿಗೆ ಏನು ಇಷ್ಟ ಅಂತ ಎಲ್ಲೂ ಬರೆದಿಲ್ಲ. ಅವನನ್ನು ಕೇಳಿದಿರಾ?

ಪ್ರಶ್ನೆ (ದಾವಣಗೆರೆಯ ಒಬ್ಬ ತಾಯಿ)

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ ಅಕ್ಕ. ನಮ್ಮ ಮಗನಿಗೂ ಔಸ್‌ಬಿಲ್ಡುಂಗ್ ಅಂತ ಒಬ್ಬ ಏಜೆಂಟ್ 6 ಲಕ್ಷ ಕೇಳುತ್ತಿದ್ದಾರೆ. ಸೀಟು, ವೀಸಾ ಎರಡೂ ಗ್ಯಾರಂಟಿ ಅಂತೆ. ಅರ್ಧ ದುಡ್ಡು ಈಗಲೇ ಕೊಡಬೇಕಂತೆ. ಭಾಷೆ ಅಲ್ಲಿ ಹೋದ ಮೇಲೆ ಕಲಿತರೆ ಸಾಕು ಎನ್ನುತ್ತಾರೆ. ಒಡವೆ ಅಡ ಇಡಲು ನಮ್ಮೆಜಮಾನರು ಒಪ್ಪಿದ್ದಾರೆ.

ಉತ್ತರ

ಒಡವೆ ಅಡ ಇಡಬೇಡಿ ಅಮ್ಮ. ಮೊದಲು ಅದನ್ನು ನಿಲ್ಲಿಸಿ, ಆಮೇಲೆ ಉಳಿದದ್ದು ಓದಿ.

ವೀಸಾ ಗ್ಯಾರಂಟಿ ಯಾರೂ ಕೊಡಲಾರರು. ಅದನ್ನು ತೀರ್ಮಾನ ಮಾಡುವುದು ಜರ್ಮನ್ ಕಾನ್ಸುಲೇಟ್. ಔಸ್‌ಬಿಲ್ಡುಂಗ್ ಕೊಡುವ ಕಂಪನಿ ಹುಡುಗನಿಂದ ದುಡ್ಡು ತಗೊಳ್ಳುವುದಿಲ್ಲ, ಅವನಿಗೇ ಸಂಬಳ ಕೊಡುತ್ತದೆ. ಅಂದ ಮೇಲೆ 6 ಲಕ್ಷ ಯಾರಿಗೆ? ಹೊರದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟರು ನಮ್ಮ ಸರ್ಕಾರದಲ್ಲಿ ನೋಂದಣಿ ಮಾಡಿಸಿರಬೇಕು. ಅವರು ಸೇವೆಗೆ ತಗೊಳ್ಳಬಹುದಾದದ್ದು 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ನೋಂದಣಿ ಇದೆಯೋ ಇಲ್ಲವೋ ಎಂದು ಇ-ಮೈಗ್ರೇಟ್ ಎಂಬ ಸರ್ಕಾರಿ ವೆಬ್‌ಸೈಟ್‌ನಲ್ಲಿ ನೀವೇ ನೋಡಬಹುದು. ರಸೀದಿ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ.

ಭಾಷೆ ಆಮೇಲೆ ಎನ್ನುವ ಮಾತನ್ನಂತೂ ನಂಬಬೇಡಿ. ವೃತ್ತಿಶಾಲೆಯಲ್ಲಿ ಪಾಠ, ಪರೀಕ್ಷೆ ಎಲ್ಲಾ ಜರ್ಮನ್‌ನಲ್ಲೇ. ಭಾಷೆ ಬಾರದೆ ಬಂದವರು ಮೊದಲ ವರ್ಷವೇ ಕೈಬಿಡುವುದನ್ನು ನೋಡಿದ್ದೇನೆ. ಒಪ್ಪಂದ ಮುರಿದರೆ ವಾಸದ ಪರವಾನಗಿಗೂ ಕುತ್ತು ಬರುತ್ತದೆ. ದುಡ್ಡು ಖರ್ಚು ಮಾಡುವುದಾದರೆ ಭಾಷೆಗೆ ಮಾಡಿ. ಬೆಂಗಳೂರಿನ ಇಂದಿರಾನಗರದಲ್ಲಿ ಮ್ಯಾಕ್ಸ್ ಮುಲ್ಲರ್ ಭವನ ಇದೆ, ಗೋಯಥೆ ಇನ್‌ಸ್ಟಿಟ್ಯೂಟ್ ಅಂತಲೂ ಕರೆಯುತ್ತಾರೆ. ಆನ್‌ಲೈನ್‌ನಲ್ಲೂ ಕಲಿಸುತ್ತಾರೆ. ದಾವಣಗೆರೆಯಲ್ಲೇ ಕೂತು ಕಲಿಯಬಹುದು.

ಪ್ರಶ್ನೆ (ಮೊದಲು ಕೇಳಿದವರು)

ಮೇಡಂ, ನೀವು ಕೇಳಿದ ಮೇಲೆ ನಿನ್ನೆ ರಾತ್ರಿ ಅವನಿಗೆ ಫೋನ್ ಮಾಡಿದೆ. ನಿಜ ಹೇಳಬೇಕೆಂದರೆ ನಾನು ಇದುವರೆಗೆ ಅಕ್ಕನ ಜೊತೆ ಮಾತ್ರ ಮಾತಾಡಿದ್ದೆ. ಅವನಿಗೆ ಕಂಪ್ಯೂಟರ್ ಸೈನ್ಸ್ ಬೇಡವಂತೆ. ಊರಲ್ಲಿ ಎಲ್ಲರ ಮನೆಯ ಮೋಟರ್ ರಿಪೇರಿ, ಸ್ಟಾರ್ಟರ್ ರಿಪೇರಿ ಅವನೇ ಮಾಡುತ್ತಾನಂತೆ, ನನಗೆ ಗೊತ್ತೇ ಇರಲಿಲ್ಲ. ಔಸ್‌ಬಿಲ್ಡುಂಗ್ ವಿಷಯ ಹೇಳಿದೆ. ಖುಷಿಯಾದ. ಆದರೆ ಅಮ್ಮನನ್ನು ಒಬ್ಬಳನ್ನೇ ಬಿಟ್ಟು ತಕ್ಷಣ ಬರಲ್ಲ ಅಂದ.

ಈಗ ಏನು ಮಾಡಲಿ? ಖರ್ಚಿಗೆ ನಾನು ಜಾಮೀನು ನಿಲ್ಲಬಹುದಾ?

ಉತ್ತರ

ತಕ್ಷಣ ಬರಲ್ಲ ಅಂದಿದ್ದು ಒಳ್ಳೆಯದೇ ಆಯಿತು ಸರ್. ತಕ್ಷಣ ಬರಲು ಆಗುವುದೂ ಇಲ್ಲ. ಎರಡು ವರ್ಷದ ಲೆಕ್ಕ ಹಾಕಿ.

ಅಲ್ಲಿಯವರೆಗೆ ಅವನನ್ನು ಸುಮ್ನೆ ಮನೆಯಲ್ಲಿ ಕೂರಿಸಬೇಡಿ. ಪಿಯುಸಿ ಸೈನ್ಸ್ ಆದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ಲ್ಯಾಟರಲ್ ಎಂಟ್ರಿ ಇದೆ. ಹತ್ತಿರದ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಸಿಗುತ್ತಾ ನೋಡಿ. ಹಗಲು ಡಿಪ್ಲೊಮಾ, ಸಂಜೆ ಜರ್ಮನ್. ಅಮ್ಮನ ಜೊತೆಗೂ ಇರುತ್ತಾನೆ. ಇಲ್ಲಿ ಔಸ್‌ಬಿಲ್ಡುಂಗ್ ಶುರುವಾಗುವುದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ದೊಡ್ಡ ಕಂಪನಿಗಳು ಒಂದು ವರ್ಷ ಮುಂಚೆಯೇ ಅರ್ಜಿ ತಗೊಳ್ಳುತ್ತವೆ. ಹಾಗಾಗಿ ಇನ್ನೊಂದು ವರ್ಷದ ಹೊತ್ತಿಗೆ ಬಿ1 ಕೈಯಲ್ಲಿರಬೇಕು.

ಇನ್ನು ನಿಮ್ಮ ಪಾಲಿನ ಕೆಲಸ. ನೀವು ಇಲ್ಲೇ ಇರುವುದರಿಂದ ಆಗುವ ಸಹಾಯ ದೊಡ್ಡದು. ಜರ್ಮನಿಯ ಸರ್ಕಾರಿ ಉದ್ಯೋಗ ಸಂಸ್ಥೆಯ ವೆಬ್‌ಸೈಟ್‌ನಲ್ಲಿ ಖಾಲಿ ಜಾಗಗಳನ್ನು ಹುಡುಕಿ. ಸಣ್ಣ ಎಲೆಕ್ಟ್ರಿಕಲ್ ಅಂಗಡಿಗಳಿಗೆ ನೀವೇ ಹೋಗಿ ಮಾತಾಡಿ. ದೊಡ್ಡ ಕಂಪನಿಗಳಿಗೆ ಅರ್ಜಿ ಗುಡ್ಡೆ ಬೀಳುತ್ತದೆ, ಸಣ್ಣವರಿಗೆ ಹುಡುಗರೇ ಸಿಗುತ್ತಿಲ್ಲ. ಅವನ ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ ಇಲ್ಲಿನ ಯಾವ ಮಟ್ಟಕ್ಕೆ ಸಮ ಎಂಬ ಪತ್ರವನ್ನು ನಿಮ್ಮ ರಾಜ್ಯದಲ್ಲಿ ಸ್ಟುಟ್‌ಗಾರ್ಟ್‌ನ ರೆಗೀರುಂಗ್ಸ್‌ಪ್ರೆಸಿಡಿಯಂ ಕಚೇರಿ ಕೊಡುತ್ತದೆ, ಅದನ್ನು ಈಗಲೇ ಮಾಡಿಸಿ. ಯಾವುದಾದರೂ ಕಂಪನಿ ಒಪ್ಪಿದರೆ ವೀಸಾ ಬೇಗ ಆಗುವ ತ್ವರಿತ ವಿಧಾನದ ಬಗ್ಗೆ ಅವರಿಗೆ ಹೇಳಿ. ಕಂಪನಿಯೇ ಇಲ್ಲಿನ ಕಚೇರಿಯಲ್ಲಿ 411 ಯೂರೋ ಕಟ್ಟಿ ಶುರುಮಾಡುವುದು. ವೀಸಾ ಅಪಾಯಿಂಟ್‌ಮೆಂಟ್‌ಗೆ ತಿಂಗಳುಗಟ್ಟಲೆ ಕಾಯುವುದು ತಪ್ಪುತ್ತದೆ.

ದೂರದಿಂದ ಹುಡುಕಿ ಸಿಗದಿದ್ದರೆ, ಬಂದು ಹುಡುಕಲು ಬೇರೆ ವೀಸಾ ಇದೆ. 35 ವರ್ಷದ ಒಳಗಿರಬೇಕು, ಬಿ1 ಇರಬೇಕು, ಪಿಯುಸಿ ಥರ ಕಾಲೇಜಿಗೆ ಸೇರಲು ಅರ್ಹತೆ ಕೊಡುವ ಸರ್ಟಿಫಿಕೇಟ್ ಇರಬೇಕು. 2024ರ ಮಾರ್ಚ್‌ನಿಂದ ಅದು 9 ತಿಂಗಳು ಸಿಗುತ್ತದೆ. ವಾರಕ್ಕೆ 20 ಗಂಟೆ ಕೆಲಸವನ್ನೂ ಮಾಡಬಹುದು. ಡಿಪ್ಲೊಮಾ ಮುಗಿದರೆ 2024ರ ಜೂನ್‌ನಲ್ಲಿ ಬಂದ, ಕೆಲಸ ಹುಡುಕಲು ಬರುವವರಿಗೆ ಕೊಡುವ ಆಪರ್ಚುನಿಟಿ ಕಾರ್ಡ್‌ಗೂ ಅರ್ಜಿ ಹಾಕುವ ದಾರಿ ತೆರೆಯಬಹುದು. ಬರೀ ಪಿಯುಸಿಗೆ ಅದು ಸಿಗುವುದಿಲ್ಲ.

ಜಾಮೀನು ನಿಲ್ಲಬಹುದು. ನಿಮ್ಮ ಊರಿನ ವಿದೇಶಿಯರ ಕಚೇರಿಯಲ್ಲಿ 29 ಯೂರೋ ಕಟ್ಟಿ ಬರೆದುಕೊಡುವ ಹೊಣೆಪತ್ರ ಇದೆ. ಜರ್ಮನ್‌ನಲ್ಲಿ ಅದಕ್ಕೆ ಫೆರ್‌ಫ್ಲಿಷ್‌ಟುಂಗ್ಸ್‌ಎರ್‌ಕ್ಲೇರುಂಗ್ ಅಂತ ಹೆಸರು. ನಿಮ್ಮ ಸಂಬಳದ ಚೀಟಿ ನೋಡುತ್ತಾರೆ, ಹೆಂಡತಿ ಮಕ್ಕಳ ಖರ್ಚು ಕಳೆದು ಎಷ್ಟು ಉಳಿಯುತ್ತದೆ ಅಂತ ಲೆಕ್ಕ ಹಾಕುತ್ತಾರೆ. ಸಹಿ ಹಾಕುವ ಮುಂಚೆ ಅದು ಏನು ಅಂತ ಸರಿಯಾಗಿ ತಿಳಿದುಕೊಳ್ಳಿ. ಅವನು ಬಂದ ದಿನದಿಂದ ಐದು ವರ್ಷ, ಸರ್ಕಾರ ಅವನಿಗಾಗಿ ಊಟ, ಮನೆ, ಆಸ್ಪತ್ರೆ ಅಂತ ಖರ್ಚು ಮಾಡಿದರೆ ನಿಮ್ಮಿಂದ ವಸೂಲಿ ಮಾಡಬಹುದು. ಅವನು ಬೇರೆ ಊರಿಗೆ ಹೋದರೂ, ನಿಮ್ಮಿಬ್ಬರ ಮಧ್ಯೆ ಮಾತು ಬಿಟ್ಟರೂ ಅದು ನಿಲ್ಲುವುದಿಲ್ಲ. ಇದನ್ನು ನಿಮ್ಮ ಹೆಂಡತಿ ಜೊತೆ ಕೂತು ಮಾತಾಡಿ. ಔಸ್‌ಬಿಲ್ಡುಂಗ್ ಸಂಬಳವೇ ಸಾಕಾಗುವಷ್ಟಿದ್ದರೆ ಹೊಣೆಪತ್ರದ ಅಗತ್ಯವೇ ಬರದೆ ಇರಬಹುದು. ನಿಮ್ಮ ಮನೆಯಲ್ಲಿ ಒಂದು ಕೋಣೆ ಕೊಟ್ಟರೂ ಅದೇ ದೊಡ್ಡ ಸಹಾಯ. ಸ್ಟುಟ್‌ಗಾರ್ಟ್‌ನ ಬಾಡಿಗೆ ನಿಮಗೇ ಗೊತ್ತಲ್ವಾ.

ಪ್ರಶ್ನೆ (ಮೈಸೂರಿನಿಂದ)

ನನ್ನ ತಂಗಿ ಜಿಎನ್‌ಎಂ ನರ್ಸಿಂಗ್ ಮುಗಿಸಿದ್ದಾಳೆ. ಅವಳೂ ಔಸ್‌ಬಿಲ್ಡುಂಗ್ ಮಾಡಬೇಕಾ ಮೇಡಂ?

ಉತ್ತರ

ಬೇಡ. ಅವಳು ಈಗಾಗಲೇ ನರ್ಸ್. ಮತ್ತೆ ಮೊದಲಿಂದ ಮೂರು ವರ್ಷ ಕಲಿಯುವ ಬದಲು ಇರುವ ಓದಿಗೆ ಮಾನ್ಯತೆ ಪಡೆಯುವ ದಾರಿ ಹಿಡಿಯಲಿ. ಪೂರ್ತಿ ಮಾನ್ಯತೆಗೆ ಸಾಮಾನ್ಯವಾಗಿ ಜರ್ಮನ್ ಬಿ2 (ಬಿ1ರ ಮೇಲಿನ ಮಟ್ಟ) ಬೇಕಾಗುತ್ತದೆ, ಅದು ಕಷ್ಟದ್ದೇ. ಕರ್ನಾಟಕ ಕೌಶಲ್ಯಾಭಿವೃದ್ಧಿ ನಿಗಮದ ಅಡಿಯಲ್ಲಿ ಅಂತರರಾಷ್ಟ್ರೀಯ ವಲಸೆ ಕೇಂದ್ರ ಇದೆ. ಖಾಸಗಿ ಏಜೆಂಟರ ಹತ್ತಿರ ಹೋಗುವ ಮುಂಚೆ ಅಲ್ಲಿ ವಿಚಾರಿಸಿ.

ಪ್ರಶ್ನೆ (ಮೊದಲು ಕೇಳಿದವರು)

ತುಂಬಾ ಥ್ಯಾಂಕ್ಸ್ ಮೇಡಂ. ಮುಂದಿನ ವಾರ ಅವನು ಪಾಸ್‌ಪೋರ್ಟ್‌ಗೆ ಅರ್ಜಿ ಹಾಕುತ್ತಾನೆ. ಅದರಲ್ಲಿ ಗಮನಿಸಬೇಕಾದ್ದು ಏನಾದರೂ ಇದೆಯಾ?

ಉತ್ತರ

ಹೆಸರು. ನಮ್ಮ ಕಡೆ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಬರೀ ಇನಿಶಿಯಲ್ ಇರುತ್ತದೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಅದನ್ನು ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು ಬರೆಯುತ್ತಾರೆ. ಆಧಾರ್‌ನಲ್ಲಿ ಮೂರನೇ ಥರ ಇರುತ್ತದೆ. ಮುಂದೆ ಜರ್ಮನ್ ಅಧಿಕಾರಿ ಇವರೆಲ್ಲ ಒಬ್ಬರೇನಾ ಅಂತ ಕೇಳುತ್ತಾರೆ. ಈಗಲೇ ಎಲ್ಲವನ್ನೂ ಒಂದೇ ಥರ ಮಾಡಿಸಿ. ಸರ್‌ನೇಮ್ ಜಾಗವನ್ನು ಖಾಲಿ ಬಿಡಬೇಡಿ, ಇಲ್ಲಿ ಬ್ಯಾಂಕಿನಿಂದ ಹಿಡಿದು ಇನ್ಶೂರೆನ್ಸ್‌ವರೆಗೆ ಎಲ್ಲಾ ಕಡೆ ತೊಂದರೆಯಾಗುತ್ತದೆ. ಜನನ ಪ್ರಮಾಣಪತ್ರ ಕನ್ನಡದಲ್ಲಿ ಮಾತ್ರ ಇದ್ದರೆ ಇಂಗ್ಲಿಷ್ ಇರುವ ಪ್ರತಿಯನ್ನೂ ತೆಗೆಸಿಡಿ.

ಕರ್ನಾಟಕದವರ ವೀಸಾ ಅರ್ಜಿ ಬೆಂಗಳೂರಿನ ಜರ್ಮನ್ ಕಾನ್ಸುಲೇಟ್‌ಗೇ ಹೋಗುತ್ತದೆ, 2025ರಿಂದ ಆನ್‌ಲೈನ್‌ನಲ್ಲಿ ತುಂಬಬಹುದು. ದೀರ್ಘಾವಧಿ ವೀಸಾ ಶುಲ್ಕ 75 ಯೂರೋ. ಕಾಗದಪತ್ರ ಪೂರ್ತಿ ಇಲ್ಲದೆ ಹಾಕಬೇಡಿ. ಮೊದಲೆಲ್ಲ ವೀಸಾ ತಿರಸ್ಕಾರವಾದರೆ ಕಾನ್ಸುಲೇಟ್‌ಗೇ ಮರುಪರಿಶೀಲನೆಗೆ ಬರೆಯಬಹುದಿತ್ತು. 2025ರ ಜುಲೈಯಿಂದ ಅದನ್ನು ತೆಗೆದಿದ್ದಾರೆ. ಈಗ ಹೊಸ ಅರ್ಜಿ ಹಾಕಬೇಕು, ಇಲ್ಲಾ ಬರ್ಲಿನ್ ಕೋರ್ಟ್‌ಗೆ ಹೋಗಬೇಕು.

ಅವನ ಎ1 ಮುಗಿದ ದಿನ ಇಲ್ಲಿ ಬರೆಯಿರಿ. ಅವನು ಮಾಡಿದ ಮೋಟರ್ ರಿಪೇರಿಯ ನಾಲ್ಕು ಫೋಟೋ ತೆಗೆದಿಟ್ಟುಕೊಳ್ಳಲು ಹೇಳಿ, ಅರ್ಜಿ ಬರೆಯುವಾಗ ಬೇಕಾಗುತ್ತದೆ.