ಕ್ಯಾಮ್‌ಶಾಫ್ಟ್ ಲೋಬ್ ಕಿತ್ತುಹೋಗಿದೆ: ರಿಪೇರಿನಾ, ಹೊಸದಾ?

ಚೋಕ್ ಕೇಬಲ್:
ಬೈಕ್ 150 ಸಿಸಿ, ಏರ್ ಕೂಲ್ಡ್, ಒಂದೇ ಕ್ಯಾಮ್ (ವಾಲ್ವ್ ತೆರೆಸೋ ಶಾಫ್ಟ್). ಟ್ಯಾಪೆಟ್ (ವಾಲ್ವ್ ಗ್ಯಾಪ್) ಎಷ್ಟು ಸಲ ಸೆಟ್ ಮಾಡಿದ್ರೂ ಟಕ್ ಟಕ್ ನಿಲ್ತಿಲ್ಲ. ಬಿಚ್ಚಿ ನೋಡಿದ್ರೆ ಎಕ್ಸಾಸ್ಟ್ ಲೋಬಿನ (ವಾಲ್ವ್ ತೆರೆಸೋ ಉಬ್ಬು) ಮೂಗಲ್ಲಿ, ಅಂದ್ರೆ ಚೂಪು ತುದಿಯಲ್ಲಿ, ಸೂಜಿ ಚುಚ್ಚಿದ ಹಾಗೆ ಗುಳಿ, ಪಕ್ಕದಲ್ಲಿ ಉಗುರಿಗೆ ಸಿಗೋ ಗೀರು. ಇನ್‌ಟೇಕ್ ಲೋಬ್ ಕನ್ನಡಿ ಥರ ಇದೆ, ಬೇರಿಂಗಲ್ಲೂ ಆಟ ಇಲ್ಲ. ವೆಲ್ಡ್ ತುಂಬಿಸಿ ಲೇತಲ್ಲಿ ತಿರುವಿಸಿದ್ರೆ ಆಯ್ತು ಅಂತಿದ್ದಾರೆ. ಮಾಡಿಸಬಹುದಾ?

ರಿಂಗ್ ಸ್ಪ್ಯಾನರ್:
ಬೇಡ ಸಾರ್, ಹೊಸದು ಹಾಕಿ. ಲೋಬಿನ ಗಡಸುತನ ಇರೋದು ಮೇಲಿನ ಪದರದಲ್ಲಿ. ಗುಳಿ ಬಿತ್ತು ಅಂದ್ರೆ ಆ ಪದರ ಬಿರುಕು ಬಿಟ್ಟಿದೆ. ಎಮರಿ ಪೇಪರ್ ಹಾಕಿ ಉಜ್ಜಿದ್ರೆ ಹೊಳಪು ಬರುತ್ತೆ, ಅಷ್ಟೇ. ವೆಲ್ಡ್ ಶಾಖಕ್ಕೆ ಶಾಫ್ಟ್ ಬಾಗಬಹುದು, ಚೆನ್ನಾಗಿರೋ ಇನ್‌ಟೇಕ್ ಲೋಬೂ ಮೆತ್ತಗಾಗಬಹುದು. ಅಲ್ಲದೆ ಮಾಮೂಲಿ ಲೇತ್ ದುಂಡಗೆ ತಿರುವುತ್ತೆ. ಲೋಬಿನ ಆಕಾರ ಬರಬೇಕಾದ್ರೆ ಮಾಸ್ಟರ್ ಇಟ್ಟು ಕಾಪಿ ಮಾಡೋ ಕ್ಯಾಮ್ ಗ್ರೈಂಡರ್ ಬೇಕು.

ಟ್ಯಾಪೆಟ್ ಗ್ಯಾಪ್ ನೋಡೋದು ಲೋಬಿನ ದುಂಡಗಿನ ಬೆನ್ನಿನ ಕಡೆ, ನಿಮ್ಮದು ಹಾಳಾಗಿರೋದು ಮೂಗಿನ ಕಡೆ. ಗ್ಯಾಪ್ ಅಳೆಯೋ ಫೀಲರ್ ಗೇಜಿಗೆ ಅದು ಕಾಣಲ್ಲ. ಮೈಕ್ರೋಮೀಟರಲ್ಲಿ ಬೆನ್ನಿಂದ ಮೂಗಿಗೆ ಎತ್ತರ ಅಳೆದು ಸರ್ವಿಸ್ ಮ್ಯಾನ್ಯುಯಲ್ ಲಿಮಿಟ್ ಜೊತೆ ಹೋಲಿಸಿ. ಲಿಮಿಟ್ ಒಳಗಿದ್ರೂ ಗುಳಿ ಬಿದ್ದ ಲೋಬ್ ವಾಪಸ್ ಹಾಕಬೇಡಿ. ಲೋಬ್ ಒತ್ತಿದಾಗ ವಾಲ್ವ್ ತಳ್ಳೋ ರಾಕರ್ ಎರಡೂ ಬದಲಾಯಿಸಿ. ಹಳೇ ರಾಕರ್ ಹೊಸ ಕ್ಯಾಮನ್ನ ತಿಂದುಬಿಡುತ್ತೆ. ಪಾರ್ಟ್ ತರೋಕೆ ಬೆಂಗಳೂರಿನ ಜೆ.ಸಿ. ರೋಡಿಗೆ ಹೋದ್ರೆ ಹಳೇ ಪೀಸ್ ಕೈಲಿರಲಿ.

ಆಯಿಲ್ ಸೀಲ್:
ಬದಲಾಯಿಸೋದು ಸರಿ, ಆದ್ರೆ ಒಂದೇ ಲೋಬ್ ಯಾಕೆ ಹೋಯ್ತು? ಹೆಡ್ಡಿನ ಆಯಿಲ್ ತೂತಿಗೆ ಗಾಳಿ ಊದಿ ನೋಡಿ. ಕ್ಲಚ್ ಕವರ್ ಬಿಚ್ಚಿ ಸ್ಟ್ರೈನರ್ (ಆಯಿಲ್ ಜರಡಿ) ತೊಳೀರಿ, ಉದುರಿದ ಲೋಹದ ಪುಡಿ ಅಲ್ಲೇ ಸೇರಿರುತ್ತೆ.

ಐಡ್ಲಿಂಗ್ ತೀರಾ ಕಮ್ಮಿ ಇಟ್ಟಿದ್ದೀರಾ? ಆರ್‌ಪಿಎಂ ಕಮ್ಮಿ ಇದ್ದಾಗ್ಲೇ ವಾಲ್ವ್ ಸ್ಪ್ರಿಂಗ್ ಒತ್ತಡ ಪೂರ್ತಿ ಮೂಗಿನ ಮೇಲೆ ಬೀಳೋದು, ಆಯಿಲ್ಲೂ ಆಗ ಕಮ್ಮಿ. ಸಿಲ್ಕ್ ಬೋರ್ಡ್ ಸಿಗ್ನಲ್ ಜಾಮಲ್ಲಿ ನಿಂತಾಗ ಕ್ಯಾಮಿಗೆ ಆರಾಮ ಅಂದ್ಕೋಬೇಡಿ.

ಟೈಮಿಂಗ್ ಚೈನ್:
ಗ್ರೈಂಡಿಂಗ್ ಪೂರ್ತಿ ತಪ್ಪೇನಲ್ಲ. ಪಾರ್ಟ್ ನಿಂತುಹೋದ ಹಳೇ ಗಾಡಿಗೆ ಬೇರೆ ದಾರಿ ಇರಲ್ಲ. ಆಗ ವೆಲ್ಡ್ ಇಲ್ಲದೆ ಸುತ್ತಲೂ ಒಂದೇ ಸಮ ತೆಗೀತಾರೆ, ಲಿಫ್ಟ್ (ವಾಲ್ವ್ ತೆರೆಯೋ ಅಳತೆ) ಉಳಿಯುತ್ತೆ, ರಾಕರಿನ ಅಡ್ಜಸ್ಟರ್ ಸ್ಕ್ರೂ ಅಷ್ಟು ಕೆಳಗೆ ಇಳೀಬೇಕು. ಮುಗಿದ ಮೇಲೆ ಫೈಲ್ ಆಡಿಸಿ ನೋಡಿ: ಜಾರಿದ್ರೆ ಗಡಸು, ಕಚ್ಚಿದ್ರೆ ಕ್ಯಾಮ್ ವೇಸ್ಟ್. 150 ಸಿಸಿ ಗಾಡಿಗೆ ಇಷ್ಟೆಲ್ಲ ಯಾಕೆ?

ಚೋಕ್ ಕೇಬಲ್:
ಸರಿ, ಕ್ಯಾಮ್, ರಾಕರ್ ಸೆಟ್ ತರ್ತೀನಿ. ಜೋಡಿಸುವಾಗ?

ರಿಂಗ್ ಸ್ಪ್ಯಾನರ್:
ಮ್ಯಾಗ್ನೆಟ್ ಮೇಲಿನ ಟಿ ಗುರುತು (ಪಿಸ್ಟನ್ ಪೂರ್ತಿ ಮೇಲೆ ಇರೋ ಜಾಗ) ಕೂಡಿಸಿ, ಕಂಪ್ರೆಷನ್ನಲ್ಲೇ (ಎರಡೂ ವಾಲ್ವ್ ಮುಚ್ಚಿರೋ ಸುತ್ತು) ಇರಲಿ. ಲೋಬಿಗೆ ಮಾಲಿಬ್ಡಿನಮ್ ಇರೋ ಜಾರು ಪೇಸ್ಟ್ ಸವರಿ. ಚೈನ್ ಬಿಗಿ ಮಾಡೋ ಟೆನ್ಷನರ್ ಹಾಕಿದ ಮೇಲೆ ಇಂಜಿನ್ ಕೈಯಲ್ಲೇ ಎರಡು ಸುತ್ತು ತಿರುಗಿಸಿ ಗುರುತು ಮತ್ತೆ ನೋಡಿ. ಗ್ಯಾಪ್ ತಣ್ಣಗಿದ್ದಾಗ ಸೆಟ್ ಮಾಡಿ. ಪ್ಲಗ್ ತೆಗೆದು ಕಿಕ್ ಹೊಡೆದು ಆಯಿಲ್ ಹೆಡ್ಡಿಗೆ ಬಂದಮೇಲೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ, ಸುಮಾರು 2000 ಆರ್‌ಪಿಎಂನಲ್ಲಿ ಹಿಡೀರಿ, ಐಡಲ್‌ಗೆ ಬಿಡಬೇಡಿ. 300 ಕಿ.ಮೀ.ಗೆ ಆಯಿಲ್ ಚೆಲ್ಲಿ ಹೊಸದು ತುಂಬಿ.