ಪಂಪ್ ಹೊಡೆದರೂ ಅಮ್ಮನ ಉಬ್ಬಸ ಕಡಿಮೆಯಾಗುತ್ತಿಲ್ಲ, ಎಲ್ಲಿ ತಪ್ಪುತ್ತಿದ್ದೇವೆ?

ಹಾಸನದವಳು:
ಅಮ್ಮನಿಗೆ 61 ವರ್ಷ. ಮಳೆಗಾಲ ಶುರುವಾದರೆ ರಾತ್ರಿ ಎರಡು ಮೂರು ಗಂಟೆಗೆ ಎದ್ದು ಕೂತುಬಿಡುತ್ತಾರೆ, ಎದೆಯ ಸುಂಯ್ ಶಬ್ದ ಪಕ್ಕದ ರೂಮಿಗೂ ಕೇಳುತ್ತದೆ. ಡಾಕ್ಟರು ಎರಡು ಇನ್ಹೇಲರ್ ಬರೆದಿದ್ದಾರೆ. ಒಂದು ದಿನಾ ಬೆಳಿಗ್ಗೆ ಸಂಜೆ ಎರಡೆರಡು ಸಲ, ಇನ್ನೊಂದು ನೀಲಿ ಬಣ್ಣದ್ದು, ಉಸಿರು ಕಟ್ಟಿದಾಗ ಮಾತ್ರ. ಎರಡು ತಿಂಗಳಾಯ್ತು, ಏನೂ ಗುಣ ಕಾಣುತ್ತಿಲ್ಲ. ಗಂಟಲಿಗೆ ತಣ್ಣಗೆ ಬಡಿದು ಕೆಮ್ಮು ಬರುತ್ತದಂತೆ, ಬಾಯಿಂದ ಬಿಳಿ ಹೊಗೆ ಥರ ಆಚೆ ಬರುವುದನ್ನು ನಾನೇ ನೋಡಿದ್ದೇನೆ. ನಾಲಿಗೆ ಮೇಲೆ ಬೇರೆ ಬಿಳಿ ಬಿಳಿ ಕಲೆ. ದೊಡ್ಡಮ್ಮ ಬಂದು "ಪಂಪ್ ಅಭ್ಯಾಸ ಆದ್ರೆ ಬಿಡಿಸೋಕಾಗಲ್ಲ, ಮಾತ್ರೆನೇ ವಾಸಿ" ಅಂದು ಹೋದ ಮೇಲೆ ಅಮ್ಮ ದಿನದ್ದನ್ನೂ ಆಗಾಗ ತಪ್ಪಿಸುತ್ತಿದ್ದಾರೆ. ಹೇಗೆ ತಗೊಳ್ಳಬೇಕು ಅಂತ ಯಾರೂ ಕೂರಿಸಿಕೊಂಡು ತೋರಿಸಿಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ.

ಚಿಕ್ಕಂದಿನಿಂದ ಉಬ್ಬಸ:
ಆ ಬಿಳಿ ಹೊಗೆಯೇ ಔಷಧಿ ಅಕ್ಕ. ಅದು ಆಚೆ ಬರುತ್ತಿದೆ ಅಂದರೆ ಎದೆಗೆ ಇಳಿಯುತ್ತಿಲ್ಲ. ನಾನೂ ವರ್ಷಗಟ್ಟಲೆ ಹಾಗೇ ಹೊಡೆದುಕೊಂಡಿದ್ದೆ. ಮೊದಲು ಒತ್ತಿ, ಆಮೇಲೆ ಉಸಿರು ಎಳೆಯುತ್ತಿದ್ದೆ, ಅಷ್ಟರಲ್ಲಿ ಎಲ್ಲ ಗಂಟಲಿಗೆ ಅಂಟಿಬಿಟ್ಟಿರುತ್ತಿತ್ತು.

ಅಮ್ಮನನ್ನು ನೆಟ್ಟಗೆ ಕೂರಿಸಿ, ಮುಂದೆ ಒಂದು ಕನ್ನಡಿ ಇಡಿ. ಡಬ್ಬ ಚೆನ್ನಾಗಿ ಅಲ್ಲಾಡಿಸಬೇಕು. ಉಸಿರನ್ನು ಪೂರ್ತಿ ಆಚೆ ಬಿಡಬೇಕು, ಇದನ್ನೇ ಎಲ್ಲರೂ ಮರೆಯುವುದು. ಪಂಪಿನ ಬಾಯಿಯನ್ನು ಬಾಯೊಳಗಿಟ್ಟು ಅದರ ಸುತ್ತ ತುಟಿ ಬಿಗಿಯಾಗಿ ಮುಚ್ಚಿ, ನಿಧಾನಕ್ಕೆ ಉಸಿರು ಎಳೆಯಲು ಶುರು ಮಾಡಿ, ಆಗ ಒಂದೇ ಸಲ ಒತ್ತಿ, ಎಳೆಯುತ್ತಲೇ ಹೋಗಬೇಕು. ತಣ್ಣಗೆ ತಾಗಿತು ಅಂತ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ, ನಿಲ್ಲಿಸಬಾರದು. ಆಮೇಲೆ 10 ಎಣಿಸುವವರೆಗೆ ಉಸಿರು ಹಿಡಿಯಬೇಕು. ಎರಡನೇ ಸಲಕ್ಕೆ ಅರ್ಧ ಒಂದು ನಿಮಿಷ ಬಿಟ್ಟು ಮತ್ತೆ ಅಲ್ಲಾಡಿಸಿ. ಒಟ್ಟೊಟ್ಟಿಗೆ ಎರಡು ಸಲ ಒತ್ತುವುದು ಸುಮ್ನೆ ಔಷಧಿ ದಂಡ. ಕನ್ನಡಿಯಲ್ಲಿ ಹೊಗೆ ಕಂಡರೆ ಎಲ್ಲೋ ತಪ್ಪಿದೆ ಅಂತ ಅರ್ಥ.

ವಾರ್ಡ್ ಸಿಸ್ಟರ್:
ನಾನು ನರ್ಸ್. ಮೇಲೆ ಹೇಳಿದ್ದೆಲ್ಲ ಸರಿ, ಆದರೆ ಈ ವಯಸ್ಸಿನಲ್ಲಿ ಒತ್ತುವುದು ಎಳೆಯುವುದು ಒಂದೇ ತಾಳಕ್ಕೆ ಬರುವುದು ಕಷ್ಟ. ಡಾಕ್ಟರನ್ನು ಕೇಳಿ ಸ್ಪೇಸರ್ ತಗೊಳ್ಳಿ. ಪ್ಲಾಸ್ಟಿಕ್ ಕೊಳವೆ ಥರ ಇರುತ್ತದೆ. ಔಷಧಿ ಮೊದಲು ಅದರೊಳಗೆ ತುಂಬಿಕೊಳ್ಳುತ್ತದೆ, ಅಮ್ಮ ಗಾಬರಿಯಿಲ್ಲದೆ ನಿಧಾನವಾಗಿ ಎಳೆದುಕೊಳ್ಳಬಹುದು. ಸೋಪಿನ ನೀರಲ್ಲಿ ತೊಳೆದು ಹಾಗೇ ಒಣಗಲು ಬಿಡಿ. ಬಟ್ಟೆಯಿಂದ ಒಳಗೆ ಒರೆಸಬೇಡಿ, ಉಜ್ಜಿದರೆ ಔಷಧಿ ಗೋಡೆಗೇ ಅಂಟಿಕೊಳ್ಳುತ್ತದೆ.

ನಾಲಿಗೆಯ ಬಿಳಿ ಕಲೆ ಬೂಷ್ಟಿನ ಸೋಂಕು ಇರಬಹುದು. ದಿನದ ಇನ್ಹೇಲರಿನಲ್ಲಿ ಸಾಮಾನ್ಯವಾಗಿ ಊತ ಇಳಿಸುವ ಸ್ಟೀರಾಯ್ಡ್ ಇರುತ್ತದೆ, ಅದು ಬಾಯಲ್ಲೇ ಉಳಿದರೆ ಹೀಗಾಗುತ್ತದೆ. ಡಾಕ್ಟರಿಗೆ ತೋರಿಸಿ. ಇನ್ನು ಮೇಲೆ ಪ್ರತಿ ಸಲ ತಗೊಂಡ ಮೇಲೆ ನೀರು ಹಾಕಿ ಬಾಯಿ ಮುಕ್ಕಳಿಸಿ ಉಗುಳಲಿ, ನುಂಗುವುದು ಬೇಡ.

ದೊಡ್ಡಮ್ಮನಿಗೆ ಇದನ್ನು ಹೇಳಿ. ನೀಲಿ ಪಂಪಿನಲ್ಲಿ ಸಾಮಾನ್ಯವಾಗಿ ಇರುವುದು ಸಾಲ್ಬುಟಮಾಲ್, ಉಸಿರಿನ ದಾರಿ ಸಡಿಲಿಸುವ ಔಷಧಿ. ಅದರ ಮಾತ್ರೆ 4 ಮಿಲಿಗ್ರಾಂ. ನೀಲಿ ಪಂಪಿನ ಒಂದು ಒತ್ತಿಗೆ 100 ಮೈಕ್ರೋಗ್ರಾಂ, ಅಂದರೆ ಮಾತ್ರೆಯ 40ರಲ್ಲಿ ಒಂದು ಪಾಲು. ಮಾತ್ರೆ ಮೈಯೆಲ್ಲ ಸುತ್ತಿ ಬರಬೇಕು, ಕೈ ನಡುಗುತ್ತದೆ, ಎದೆ ಢವಢವ ಅನ್ನುತ್ತದೆ. ಪಂಪ್ ನೇರ ಬೇಕಾದ ಜಾಗಕ್ಕೇ ಹೋಗುತ್ತದೆ. ಇದು ಚಟ ಅಲ್ಲ. ದಿನದ್ದನ್ನು ತಪ್ಪಿಸಿದರೆ ಒಳಗಿನ ಊತ ಇಳಿಯುವುದೇ ಇಲ್ಲ, ಅದಕ್ಕೇ ರಾತ್ರಿ ನೀಲಿಯದು ಜಾಸ್ತಿ ಬೇಕಾಗುತ್ತದೆ. ನೀಲಿ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಕಾದರೆ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ. ಅದು ತಗೊಂಡರೂ ಉಸಿರು ಸಿಗದೆ ಒಂದು ವಾಕ್ಯ ಪೂರ್ತಿ ಮಾತಾಡಲು ಆಗದಿದ್ದರೆ ಅಥವಾ ತುಟಿ ನೀಲಿಯಾದರೆ ತಕ್ಷಣ 108.

ಸಾಗರದ ಮೇಷ್ಟ್ರು:
ಒಂದು ಮಾತು ಸೇರಿಸುತ್ತೇನೆ. ನನ್ನದು ಕ್ಯಾಪ್ಸೂಲ್ ಹಾಕಿ ತಿರುಗಿಸುವ ರೋಟಾಹೇಲರ್. ಅದರದ್ದು ಪೂರ್ತಿ ಉಲ್ಟಾ. ಒಳಗಿರುವುದು ಪುಡಿ, ಅದನ್ನು ಮೇಲೆಬ್ಬಿಸುವುದು ನಮ್ಮ ಉಸಿರೇ, ಹಾಗಾಗಿ ಜೋರಾಗಿ ರಭಸದಿಂದ ಎಳೆಯಬೇಕು. ನಮ್ಮ ಮನೆಯವರಿಗೆ ಪಂಪ್, ನನಗೆ ಇದು, ಒಬ್ಬರನ್ನೊಬ್ಬರು ನೋಡಿ ಇಬ್ಬರೂ ತಪ್ಪು ಮಾಡಿಕೊಂಡಿದ್ದೆವು. ಅದಕ್ಕೇ ಯಾರದ್ದೋ ವಿಡಿಯೋ ನೋಡುವ ಮೊದಲು ನಿಮ್ಮದು ಯಾವ ಥರದ್ದು ಅಂತ ನೋಡಿಕೊಳ್ಳಿ.

ಹಾಸನದವಳು:
ಮೂರು ವಾರ ಆಯ್ತು, ಹೇಳಲೇಬೇಕು ಅನ್ನಿಸಿತು. ಡಾಕ್ಟರು ಸ್ಪೇಸರ್ ಬರೆದುಕೊಟ್ಟರು, ಬಾಯಿಗೆ ಔಷಧಿ ಕೊಟ್ಟರು. ಬಾಯಿ ಮುಕ್ಕಳಿಸಲು ನೆನಪಿರಲಿ ಅಂತ ಪಂಪನ್ನು ಹಲ್ಲುಜ್ಜುವ ಬ್ರಷ್ಷಿನ ಪಕ್ಕದಲ್ಲೇ ಇಟ್ಟಿದ್ದೇವೆ. ನಾನು ಬೆರಳು ಮಡಿಸಿ ಹತ್ತು ಎಣಿಸುತ್ತೇನೆ, ಅಮ್ಮ ಕಣ್ಣು ಮುಚ್ಚಿ ಉಸಿರು ಹಿಡಿಯುತ್ತಾರೆ. ಹೋದ ವಾರ ಒಂದೇ ರಾತ್ರಿ ಎದ್ದಿದ್ದು. ದಿನದ ಡಬ್ಬದ ಮೇಲೆ 120 ಅಂತ ಇದೆ, ನಂಬರ್ ತೋರಿಸುವ ಕಿಂಡಿ ಇಲ್ಲ. ಅಲ್ಲಾಡಿಸಿದರೆ ಇನ್ನೂ ಇದೆ ಅನ್ನಿಸುತ್ತದೆ. ಮುಗಿದಿದ್ದು ಹೇಗೆ ಗೊತ್ತಾಗುತ್ತದೆ?

ವಾರ್ಡ್ ಸಿಸ್ಟರ್:
ತುಂಬಾ ಖುಷಿಯಾಯ್ತು. ಅಲ್ಲಾಡಿಸಿ ನೋಡುವುದು, ನೀರಲ್ಲಿ ತೇಲಿಸುವುದು ಎರಡನ್ನೂ ನಂಬಬೇಡಿ, ಔಷಧಿ ಮುಗಿದ ಮೇಲೂ ಬರೀ ಗ್ಯಾಸ್ ಬರುತ್ತಿರುತ್ತದೆ. ದಿನಕ್ಕೆ ನಾಲ್ಕು ಸಲ ಅಂದರೆ 120 ಸರಿಯಾಗಿ 30 ದಿನಕ್ಕೆ. ಶುರು ಮಾಡಿದ ತಾರೀಖನ್ನು ಡಬ್ಬದ ಮೇಲೆ ಪೆನ್ನಲ್ಲಿ ಬರೆದುಬಿಡಿ.